ಲೆಫ್ಕಾಡ, ಇಥಾಕಾ ಕಡೆ ಒಂದು ವಾರ ಹಾಯಿದೋಣಿ ಬಾಡಿಗೆ: ಮೇ ಕೊನೆಗೋ, ದಸರಾ ರಜೆಗೋ?

ಶರಾವತಿ_ದಡ:

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಗ್ರೀಸ್‌ನಲ್ಲಿ ಒಂದು ವಾರ ಹಾಯಿದೋಣಿ ಬಾಡಿಗೆಗೆ ಹಿಡಿದು ದ್ವೀಪ ಸುತ್ತಬೇಕೆಂದಿದ್ದೇವೆ. ಒಟ್ಟು ಆರು ಜನ: ನಾವಿಬ್ಬರು, ನನ್ನ ಭಾವಮೈದ, ಅವನ ಹೆಂಡತಿ, 8 ಮತ್ತು 11 ವರ್ಷದ ಎರಡು ಮಕ್ಕಳು. ನನ್ನ ಹತ್ತಿರ ಆರ್‌ವೈಎ (ಬ್ರಿಟನ್‌ನ ಹಾಯಿದೋಣಿ ಸಂಸ್ಥೆ) ಕೊಡೋ ಡೇ ಸ್ಕಿಪ್ಪರ್ ಪ್ರಾಕ್ಟಿಕಲ್ ಸರ್ಟಿಫಿಕೇಟ್ ಇದೆ. ಭಾವಮೈದನಿಗೆ ಸಣ್ಣ ಡಿಂಗಿ ನಡೆಸಿ ಗೊತ್ತು. ಉಳಿದವರಿಗೆ ಹಾಯಿಯ ಗಂಧ ಗಾಳಿ ಇಲ್ಲ, ಆದರೆ ಎಲ್ಲರಿಗೂ ಈಜು ಬರುತ್ತೆ.

ಮಕ್ಕಳ ಶಾಲೆ ಬೆಂಗಳೂರಿನಲ್ಲಿ. ಹಾಗಾಗಿ ಮೇ ಕೊನೆಯ ವಾರ ಅಥವಾ ಅಕ್ಟೋಬರ್‌ನ ದಸರಾ ರಜೆ, ಇವೆರಡೇ ನಮಗೆ ಆಗೋದು. ಕೇಳಬೇಕಾದ್ದು ಇಷ್ಟು:

ಎರಡರಲ್ಲಿ ಯಾವ ಕಾಲ ಒಳ್ಳೇದು? ಮಿಕೊನೋಸ್, ಪಾರೋಸ್ ಕಡೆ ಹೋಗೋದಾ, ಇಲ್ಲಾ ಪಶ್ಚಿಮದ ಲೆಫ್ಕಾಡ ಕಡೆಗಾ? ಸ್ಕಿಪ್ಪರ್‌ನನ್ನು, ಅಂದರೆ ದೋಣಿ ನಡೆಸೋ ನಾಯಕನನ್ನು, ಸಂಬಳಕ್ಕೆ ಇಟ್ಟುಕೊಳ್ಳಬೇಕಾ? ಧಕ್ಕೆಗೆ (ಬಂದರಿನ ಕಟ್ಟೆಗೆ) ಹಿಮ್ಮುಖವಾಗಿ ದೋಣಿ ಕಟ್ಟೋದನ್ನು ನಾನು ಯಾವತ್ತೂ ಮಾಡಿಲ್ಲ, ಭಯ ಇರೋದೇ ಅದರದ್ದು. ಖರ್ಚು ಎಷ್ಟಾಗಬಹುದು? ಮನೆಯಲ್ಲಿ ಮೂವರು ಶುದ್ಧ ಸಸ್ಯಾಹಾರಿಗಳು, ಅಡುಗೆ ದೋಣಿಯಲ್ಲೇ ಆಗಬೇಕು.

ಮೂಡಣ_ಗಾಳಿ:

ಸರ್, ಕಾಲದ ಪ್ರಶ್ನೆ ಮೊದಲು. ಮೇ ಕೊನೆಯ ವಾರಕ್ಕೇ ಹೋಗಿ.

ಲೆಫ್ಕಾಡ, ಮೆಗಾನಿಸಿ, ಇಥಾಕಾ, ಕೆಫಲೋನಿಯಾ ಇರೋದು ಅಯೋನಿಯನ್ ಸಮುದ್ರದಲ್ಲಿ. ಅಲ್ಲಿನ ಬೇಸಿಗೆ ಗಾಳಿಗೆ ಮಾಯಿಸ್ಟ್ರೋ ಅಂತಾರೆ. ವಾಯವ್ಯದಿಂದ ಬೀಸುತ್ತೆ. ಬೆಳಿಗ್ಗೆ ನೀರು ಅಲ್ಲಾಡೋದಿಲ್ಲ. ಮಧ್ಯಾಹ್ನ 12-1ರ ಹೊತ್ತಿಗೆ ಶುರುವಾಗಿ 4ರ ಸುಮಾರಿಗೆ 12ರಿಂದ 20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.) ತಲುಪಿ, ಸೂರ್ಯ ಮುಳುಗುವಾಗ ನಿಲ್ಲುತ್ತೆ. ಮೇನಲ್ಲಿ ಇದಕ್ಕಿಂತಲೂ ಹಗುರ, ಕೆಲವು ದಿನ ಗಾಳಿಯೇ ಇಲ್ಲದೆ ಎಂಜಿನ್ ಹಾಕಬೇಕಾಗಬಹುದು. ನಡುವೆ ಎಲ್ಲೋ ಒಂದು ದಿನ ದಕ್ಷಿಣದ ಗಾಳಿ, ಮಳೆ ಬಂದರೂ ಬಂತು. ನೀರು 19-20 ಡಿಗ್ರಿ, ಮಕ್ಕಳಿಗೆ ಚಳಿ ಅನಿಸುತ್ತೆ, ಅರ್ಧ ತೋಳಿನ ತೆಳು ವೆಟ್‌ಸೂಟ್ ತೆಗೆದುಕೊಂಡು ಹೋಗಿ. ಆದರೆ ಸೂರ್ಯಾಸ್ತ ರಾತ್ರಿ ಎಂಟೂ ಮುಕ್ಕಾಲರ ಸುಮಾರಿಗೆ, ಧಕ್ಕೆಗಳೆಲ್ಲ ಅರ್ಧ ಖಾಲಿ, ಬಾಡಿಗೆಯೂ ಆಗಸ್ಟ್‌ಗಿಂತ ತುಂಬಾ ಕಡಿಮೆ. ಹೊಸಬರು ದೋಣಿ ಕಟ್ಟೋದು ಕಲಿಯಲು ಜಾಗ ಖಾಲಿ ಇರೋದೇ ಎಲ್ಲಕ್ಕಿಂತ ದೊಡ್ಡ ಅನುಕೂಲ.

ಅಕ್ಟೋಬರ್‌ನಲ್ಲಿ ನೀರು ಬೆಚ್ಚಗಿರುತ್ತೆ, ನಿಜ. ಆದರೆ ಬೆಚ್ಚಗಿನ ನೀರಿನ ಮೇಲೆ ತಂಪು ಗಾಳಿ ಬಂದು ಕೂತಾಗಲೇ ಅಲ್ಲಿ ಗುಡುಗು ಮಳೆ, ಜೋರು ಗಾಳಿ ಏಳೋದು. 2020ರ ಸೆಪ್ಟೆಂಬರ್‌ನಲ್ಲಿ ಇಯಾನೋಸ್ ಚಂಡಮಾರುತ ಇದೇ ಕೆಫಲೋನಿಯಾ, ಇಥಾಕಾ, ಲೆಫ್ಕಾಡ ದ್ವೀಪಗಳ ಮೇಲೆ ಬಂದು ಬಂದರಿನೊಳಗೆ ಕಟ್ಟಿದ್ದ ದೋಣಿಗಳನ್ನೂ ದಡಕ್ಕೆಸೆದಿತ್ತು. ಅಂಥದ್ದು ಪ್ರತಿ ವರ್ಷ ಬರೋದಿಲ್ಲ. ಆದರೆ ಏಳು ದಿನದ ರಜೆಯಲ್ಲಿ ಎರಡು ದಿನ ಬಂದರಿನಲ್ಲೇ ಕೂರೋ ಸಾಧ್ಯತೆ ಅಕ್ಟೋಬರ್‌ನಲ್ಲಿ ಚೆನ್ನಾಗಿಯೇ ಇದೆ. ಸಂಜೆ ಏಳಕ್ಕೆಲ್ಲ ಕತ್ತಲಾಗುತ್ತೆ ಬೇರೆ.

ಮಿಕೊನೋಸ್, ಪಾರೋಸ್ ಇರೋದು ಏಜಿಯನ್‌ನಲ್ಲಿ. ಅಲ್ಲಿನ ಮೆಲ್ಟೆಮಿ ಉತ್ತರದ ಗಾಳಿ. ಮೇನಲ್ಲಿ ಅದು ಇನ್ನೂ ಪೂರ್ತಿ ಎದ್ದಿರೋದಿಲ್ಲ, ಜುಲೈ-ಆಗಸ್ಟ್‌ನಲ್ಲಿ 25-35 ನಾಟ್ ದಿನಗಟ್ಟಲೆ ರಾತ್ರಿಯೂ ನಿಲ್ಲದೆ ಬೀಸುತ್ತೆ. ಗಾಳಿ ಇಲ್ಲದಿದ್ದರೂ ಅಲ್ಲಿ ದ್ವೀಪದಿಂದ ದ್ವೀಪಕ್ಕೆ 20-25 ಮೈಲಿ ತೆರೆದ ಕಡಲು. ಅಯೋನಿಯನ್‌ನಲ್ಲಿ ಲೆಫ್ಕಾಡ, ಮೆಗಾನಿಸಿ, ಗ್ರೀಸ್‌ನ ಮುಖ್ಯ ಭೂಮಿ ಇವುಗಳ ನಡುವೆ ಕೆರೆಯಂಥ ನೀರು, ಯಾವ ದಿಕ್ಕಿಗೆ ತಿರುಗಿದರೂ ಎರಡು ಗಂಟೆಯೊಳಗೆ ಒಂದು ಆಸರೆ ಸಿಗುತ್ತೆ. ಮಕ್ಕಳಿದ್ದಾರೆ, ಮೊದಲ ಸಲ ಬೇರೆ. ಯೋಚನೆಯೇ ಬೇಡ.

ಹಾಯಿಹಗ್ಗ:

ಮೇಲಿನವರು ಹೇಳಿದ್ದು ಸರಿ. ಮಾರ್ಗ ಹೀಗಿಟ್ಟುಕೊಳ್ಳಿ. ಮೈಲಿ ಅಂದರೆ ಎಲ್ಲಾ ಕಡೆ ನಾಟಿಕಲ್ ಮೈಲಿ (1.85 ಕಿ.ಮೀ.), ಅಂದಾಜು ಲೆಕ್ಕ.

ಶನಿವಾರ ಸಂಜೆ 5ಕ್ಕೆ ಲೆಫ್ಕಾಡ ಊರಿನ ಲೆಫ್ಕಾಸ್ ಮರೀನಾದಲ್ಲಿ (ಹಾಯಿದೋಣಿಗಳ ಬಂದರು) ದೋಣಿ ಕೈಗೆ ಬರುತ್ತೆ. ಆ ರಾತ್ರಿ ಹೊರಡಬೇಡಿ. ಭಾನುವಾರ ಬೆಳಿಗ್ಗೆ ಕಾಲುವೆ ಇಳಿದು ಮೆಗಾನಿಸಿಗೆ 11 ಮೈಲಿ. ಆ ಕಾಲುವೆ ಹೂಳೆತ್ತಿ ಮಾಡಿದ ಮೂರು ಮೈಲಿಯ ದಾರಿ, ಎರಡೂ ಬದಿ ಗುರುತಿನ ಕಂಬ, ಬೋಯ್ ಇವೆ. ಅವುಗಳ ಆಚೆ ಮೊಣಕಾಲುದ್ದ ನೀರು. ಹಾಯಿ ಬಿಚ್ಚದೆ ಎಂಜಿನ್‌ನಲ್ಲೇ ನಡುಮಧ್ಯದಲ್ಲಿ ಹೋಗಿ. ಲೆಫ್ಕಾಡದ ತೇಲುಸೇತುವೆ ಮರೀನಾದ ಉತ್ತರಕ್ಕಿದೆ, ನಿಮ್ಮ ದಾರಿ ದಕ್ಷಿಣಕ್ಕೆ. ಹಾಗಾಗಿ ಅದು ತೆರೆಯೋ ಹೊತ್ತಿಗೆ ಕಾಯೋ ಗೋಜು ಇಲ್ಲ. ನಡುವೆ ನಿದ್ರಿ ಊರಿನ ಎದುರು ಸ್ಕೋರ್ಪಿಯೋಸ್ ದ್ವೀಪ, 1968ರಲ್ಲಿ ಹಡಗು ಉದ್ಯಮಿ ಒನಾಸಿಸ್ ಮತ್ತು ಅಮೆರಿಕ ಅಧ್ಯಕ್ಷ ಕೆನಡಿಯ ವಿಧವೆ ಜಾಕ್ವೆಲಿನ್ ಮದುವೆಯಾದ ಜಾಗ. ದ್ವೀಪ ಖಾಸಗಿ, ದೋಣಿಯಿಂದಲೇ ನೋಡಿ ಮುಂದೆ ಹೋಗಿ. ಮೆಗಾನಿಸಿಯಲ್ಲಿ ಸ್ಪಾರ್ತೊಖೋರಿ ಕೆಳಗಿನ ಹೋಟೆಲ್‌ನವರ ಧಕ್ಕೆಗೆ ಕಟ್ಟಿ. ಅಲ್ಲಿ ಊಟ ಮಾಡಿದರೆ ಕಟ್ಟೋದಕ್ಕೆ ದುಡ್ಡಿಲ್ಲ, ಲಂಗರು ಕೂಡ ಬೇಕಿಲ್ಲ, ನೀರಿನಡಿ ಕಟ್ಟಿಟ್ಟ ಹಗ್ಗ ಕೊಡುತ್ತಾರೆ. ಮೊದಲ ದಿನಕ್ಕೆ ಅದೇ ಸುಲಭ.

ಸೋಮವಾರ ಇಥಾಕಾದ ಕಿಯೋನಿ, 15 ಮೈಲಿ. ದಕ್ಷಿಣಕ್ಕೆ ಹೋಗುವಾಗ ಗಾಳಿ ಬೆನ್ನ ಹಿಂದೆ ಅಥವಾ ಓರೆಯಾಗಿ ಸಿಗುತ್ತೆ, ಮಕ್ಕಳು ಹಾಯಿಯನ್ನು ಇಷ್ಟಪಡೋದು ಈ ದಿನದಲ್ಲೇ. ಕಿಯೋನಿಯ ಬಾಯಲ್ಲಿ ಹಳೇ ಗಾಳಿಯಂತ್ರಗಳ ಮೂರು ಮೋಟುಗೋಡೆಗಳಿವೆ, ಅದೇ ಗುರುತು. ಧಕ್ಕೆ ಚಿಕ್ಕದು. ಮೇನಲ್ಲೂ 2 ಗಂಟೆಯೊಳಗೆ ಹೋಗಿ. ಮಂಗಳವಾರ ಅದೇ ದ್ವೀಪದ ವಾಥಿ, ಬರೀ 6 ಮೈಲಿ. ಈಜು, ನಡಿಗೆ, ಸಾಮಾನು ತುಂಬಿಸೋದು, ನೀರು, ಎಲ್ಲಾ ಆ ದಿನ ಮುಗಿಸಿ. ವಾಥಿಯ ಕೊಲ್ಲಿ ಹೊರಗಿನಿಂದ ತುಂಬಾ ಸುರಕ್ಷಿತವಾಗಿ ಕಾಣುತ್ತೆ, ಆದರೆ ಮಧ್ಯಾಹ್ನದ ವಾಯವ್ಯ ಗಾಳಿ ಗುಡ್ಡದ ಸಂದಿಯಿಂದ ನುಗ್ಗಿ ಹೊರಗಿಗಿಂತ ಜೋರಾಗಿರುತ್ತೆ. ಬೆಳಿಗ್ಗೆಯೇ ಒಳಗೆ ಹೋಗಿ ಕಟ್ಟಿಬಿಡಿ.

ಬುಧವಾರ ಇಥಾಕಾದ ಉತ್ತರ ತುದಿ ಸುತ್ತಿ ಕೆಫಲೋನಿಯಾದ ಫಿಸ್ಕಾರ್ಡೊ, 14-15 ಮೈಲಿ. ಈ ದಿನ ಗಾಳಿ ಎದುರು, ಹಾಗಾಗಿ 8ಕ್ಕೆ ಎಂಜಿನ್ ಹಾಕಿ ಹೊರಟು, ಗಾಳಿ ಏಳೋ ಮೊದಲೇ ತುದಿ ದಾಟಿ. 1953ರ ಆಗಸ್ಟ್ ಭೂಕಂಪದಲ್ಲಿ ಕೆಫಲೋನಿಯಾದ ಊರೂರೇ ನೆಲಸಮವಾದಾಗ ಉಳಿದುಕೊಂಡ ಊರು ಫಿಸ್ಕಾರ್ಡೊ. ಹಳೇ ವೆನಿಸ್ ಕಾಲದ ಮನೆಗಳು ಇನ್ನೂ ಇವೆ. ಅದಕ್ಕೇ ಎಲ್ಲರೂ ಅಲ್ಲಿಗೇ ಬರುತ್ತಾರೆ. ಧಕ್ಕೆ ತುಂಬಿದ್ದರೆ ಕೊಲ್ಲಿಯ ಉತ್ತರದ ಬದಿಗೆ ಲಂಗರು ಬಿಟ್ಟು, ಹಿಂದಿನಿಂದ ಬಂಡೆಗೆ ಹಗ್ಗ ಕಟ್ಟಿ. ಗುರುವಾರ ಲೆಫ್ಕಾಡದ ದಕ್ಷಿಣದ ಸಿವೋತಾ, 11 ಮೈಲಿ, ಗಾಳಿ ಪಕ್ಕಕ್ಕೆ ಸಿಗುತ್ತೆ. ವಾರದ ಒಳ್ಳೆಯ ಹಾಯಿ ಓಟ ಇದೇ. ಶುಕ್ರವಾರ ವಾಪಸ್ 15 ಮೈಲಿ.

ಒಟ್ಟು 72-73 ಮೈಲಿ. ಇದಕ್ಕೆ ಪಾಕ್ಸೋಸ್ ದ್ವೀಪ ಸೇರಿಸಬೇಡಿ, ಜಾಕಿಂಥೋಸ್ ದ್ವೀಪ ಸೇರಿಸಬೇಡಿ. ದಿನಕ್ಕೆ 25 ಮೈಲಿ ಇಟ್ಟುಕೊಂಡವರು ಪ್ರತಿ ಸಂಜೆ 5ಕ್ಕೆ, ಗಾಳಿ ಅತಿ ಜೋರಿರೋ ಹೊತ್ತಿಗೆ, ತುಂಬಿದ ಧಕ್ಕೆಗೆ ಹೋಗಿ ಒದ್ದಾಡುತ್ತಾರೆ. ದೂರ ಕಡಿಮೆ ಇಟ್ಟರೆ 1 ಗಂಟೆಗೇ ತಲುಪಿ ಶಾಂತವಾಗಿ ಕಟ್ಟಬಹುದು, ಗಾಳಿ ಬೇಕಾದರೆ ಕಟ್ಟೋ ಮೊದಲು ಹೊರಗೆ ಒಂದು ಗಂಟೆ ಆಡಿಕೊಳ್ಳಬಹುದು.

ಚುಕ್ಕಾಣಿ:

ದೋಣಿ ಕಟ್ಟೋದರ ಬಗ್ಗೆ ಸ್ವಲ್ಪ ವಿವರವಾಗಿ ಬರೀತೀನಿ, ಕೇಳಿದ ಪ್ರಶ್ನೆಗಳಲ್ಲಿ ಇದೇ ಮುಖ್ಯ. ಅಲ್ಲಿ ದೋಣಿಗಳನ್ನು ಧಕ್ಕೆಗೆ ಪಕ್ಕೆ ಕೊಟ್ಟು ನಿಲ್ಲಿಸೋದಿಲ್ಲ. ಮುಂದೆ ಲಂಗರು ಬಿಟ್ಟು, ಹಿಮ್ಮುಖವಾಗಿ ಬಂದು, ಹಿಂಬದಿಯ ಎರಡು ಹಗ್ಗ ಧಕ್ಕೆಗೆ ಕಟ್ಟುತ್ತಾರೆ.

ಬಂದರಿನೊಳಗೆ ಹೋಗೋ ಮೊದಲೇ, ಹೊರಗೆ ವಿಶಾಲವಾಗಿರೋ ಕಡೆ ನಿಂತು ತಯಾರಿ ಮುಗಿಸಿ. ಎರಡೂ ಬದಿಗೆ ಮೂರು ಮೂರು ಫೆಂಡರ್ (ಬಡಿತ ತಡೆಯೋ ಗಾಳಿ ತುಂಬಿದ ದಿಂಬು), ಹಿಂಭಾಗದ ಮೂಲೆಗೆ ಒಂದೊಂದು. ಹಿಂಬದಿಯ ಹಗ್ಗದ ಒಂದು ತುದಿ ಕ್ಲೀಟ್‌ಗೆ (ಹಗ್ಗ ಸುತ್ತೋ ಲೋಹದ ಗೂಟ) ಕಟ್ಟಿ, ಉಳಿದದ್ದನ್ನು ದೋಣಿಯಂಚಿನ ಕಂಬಿಯ ಹೊರಗಿನಿಂದ ಸುತ್ತಿ ತಂದು ಕೈಗೆ ಸಿಗೋ ಹಾಗಿಡಿ. ಕಂಬಿಯ ಒಳಗಿನಿಂದ ಎಸೆದರೆ ಬಿಗಿಯುವಾಗ ಕಂಬಿಯೇ ಬಾಗುತ್ತೆ. ಲಂಗರಿನ ಪಿನ್ ತೆಗೆದು, ಒಂದು ಮೀಟರ್ ಕೆಳಗಿಳಿಸಿ ತೂಗಾಡೋ ಹಾಗೆ ಬಿಡಿ. ಸರಪಳಿ ಸಿಕ್ಕಿಕೊಂಡಿದ್ದರೆ ಗೊತ್ತಾಗಬೇಕಾದ್ದು ಆಗಲೇ. ಹಿಂದೆ ಎಳೆದುಕೊಂಡು ಬರೋ ಸಣ್ಣ ದೋಣಿಯನ್ನು ಮುಂದಕ್ಕೆ ತಂದು ಕಟ್ಟಿ, ಇಲ್ಲದಿದ್ದರೆ ಅದರ ಹಗ್ಗ ಪ್ರೊಪೆಲರ್‌ಗೆ ಸುತ್ತಿಕೊಳ್ಳುತ್ತೆ.

ಕಟ್ಟೋ ಜಾಗದ ಎದುರು, ಧಕ್ಕೆಗೆ ನೇರ ಲಂಬವಾಗಿ, ದೋಣಿಯ ಮೂರರಿಂದ ನಾಲ್ಕು ಪಟ್ಟು ಉದ್ದ ಹೊರಗೆ ನಿಲ್ಲಿ. 40 ಅಡಿ ದೋಣಿ ಅಂದರೆ 12 ಮೀಟರ್, ಆದ್ದರಿಂದ ಲಂಗರು ಬೀಳಬೇಕಾದ್ದು 40-50 ಮೀಟರ್ ದೂರದಲ್ಲಿ. ಹೊಸಬರು ಎಡವೋದು ಇಲ್ಲೇ: ಹತ್ತಿರ ಬಿಡುತ್ತಾರೆ. ಸರಪಳಿ ಸಾಲದೆ ರಾತ್ರಿ ಲಂಗರು ಜಾರಿ, ದೋಣಿಯ ಹಿಂಭಾಗ ಕಲ್ಲಿಗೆ ಬಡಿಯುತ್ತೆ.

ಹಿಂದಕ್ಕೆ ಚಲನೆ ಶುರುವಾದ ಮೇಲೆಯೇ ಲಂಗರು ಬಿಡಿ. ದೋಣಿ ಹಿಂದಕ್ಕೆ ಹೋಗುವಾಗ ಸುಮಾರು 2 ನಾಟ್ ವೇಗ ಬರೋತನಕ ಚುಕ್ಕಾಣಿ ಮಾತು ಕೇಳೋದಿಲ್ಲ, ಅಲ್ಲಿಯವರೆಗೆ ಪ್ರೊಪೆಲರ್ ಹಿಂಭಾಗವನ್ನು ಒಂದು ಬದಿಗೆ, ಸಾಮಾನ್ಯವಾಗಿ ಎಡಕ್ಕೆ, ಎಳೆಯುತ್ತಿರುತ್ತೆ. ಅದಕ್ಕೇ ದೂರದಿಂದಲೇ ಹಿಮ್ಮುಖ ಹೊರಡಬೇಕು. ಮುಂದೆ ಇರೋರು ಸರಪಳಿಯನ್ನು ಸಲೀಸಾಗಿ ಹರಿಯಬಿಡಬೇಕು. ನಡುವೆ ತಡೆದರೆ ದೋಣಿ ನಿಂತು, ಗಾಳಿಗೆ ಮೂತಿ ಪಕ್ಕಕ್ಕೆ ಹೊರಳುತ್ತೆ. ಧಕ್ಕೆಗೆ ಎರಡು ದೋಣಿಯುದ್ದ ಉಳಿದಾಗ ಸರಪಳಿಯನ್ನು ಒಂದು ಕ್ಷಣ ಹಿಡಿದು ನೋಡಿ. ಮೂತಿ ನೇರವಾಗಿ ಎಳೆದರೆ ಲಂಗರು ಕಚ್ಚಿದೆ ಅಂತ. 4-5 ಮೀಟರ್ ಇದ್ದಾಗ ನ್ಯೂಟ್ರಲ್, ಬೇಕಾದರೆ ಸ್ವಲ್ಪ ಮುಂದಕ್ಕೆ ಕೊಟ್ಟು ನಿಲ್ಲಿಸಿ. ಗಾಳಿ ಬರೋ ಕಡೆಯ ಹಗ್ಗ ಮೊದಲು, ಇನ್ನೊಂದು ಆಮೇಲೆ. ಎರಡೂ ಕಟ್ಟಿದ ಮೇಲೆ ವಿಂಡ್ಲಾಸ್‌ನಿಂದ (ಲಂಗರು ಎತ್ತೋ ಮೋಟಾರ್) ಸರಪಳಿ ಬಿಗಿದು, ಹಿಂಭಾಗ ಧಕ್ಕೆಯಿಂದ ಒಂದೂವರೆ ಮೀಟರ್ ದೂರ ನಿಲ್ಲೋ ಹಾಗೆ ಮಾಡಿ. ಕೊನೆಗೆ ಎಂಜಿನ್ 1500 ಆರ್‌ಪಿಎಂನಲ್ಲಿ ಹಿಂದಕ್ಕೆ ಹಾಕಿ ನೋಡಿ. ದೋಣಿ ಧಕ್ಕೆ ಕಡೆ ಸರಿದರೆ ಲಂಗರು ಕಚ್ಚಿಲ್ಲ, ಎತ್ತಿ ಮತ್ತೆ ಮಾಡಲೇಬೇಕು. ಆ ಹೊತ್ತಿಗೆ ಎಲ್ಲರಿಗೂ ಸುಸ್ತಾಗಿ ಸಾಕು ಅನಿಸಿರುತ್ತೆ, ಆದರೂ ಬಿಡಬೇಡಿ.

ಪಕ್ಕದ ಗಾಳಿ 15 ನಾಟ್ ಮೀರಿದ್ದರೆ, ಮೂತಿ ಹೊರಳಲು ಶುರುವಾದ ತಕ್ಷಣ ಮುಂದಕ್ಕೆ ಹೋಗಿ ಲಂಗರು ಎತ್ತಿ ಮತ್ತೆ ಬನ್ನಿ. ಇನ್ನೊಬ್ಬರ ದೋಣಿಯ ಹತ್ತಿರ ಬಂದ ಮೇಲೆ ಸರಿಮಾಡೋದು ಕಷ್ಟ. ಮಕ್ಕಳಿಗೂ ದೊಡ್ಡವರಿಗೂ ಒಂದೇ ಮಾತು: ದೋಣಿ ಕಲ್ಲಿಗೆ ಬಡಿಯುತ್ತೆ ಅಂತ ಕಾಲು ಕೈ ಅಡ್ಡ ಕೊಡಬೇಡಿ. ಅದು 8 ಟನ್ ತೂಕ. ಅಡ್ಡ ಕೊಡಬೇಕಾದ್ದು ಫೆಂಡರ್ ಮಾತ್ರ. ಹಗ್ಗ ಹಿಡಿದು ಧಕ್ಕೆಗೆ ಹಾರೋದೂ ಬೇಡ, ದಾಟಿ ಹೋಗೋವಷ್ಟು ಹತ್ತಿರ ಬರೋತನಕ ಕಾಯಿರಿ. ಪಕ್ಕದ ದೋಣಿಯವರು ಹಗ್ಗ ಹಿಡಿಯಲು ಸಾಮಾನ್ಯವಾಗಿ ಬಂದೇ ಬರುತ್ತಾರೆ.

ಬೆಳಿಗ್ಗೆ ಹೊರಡುವಾಗ ಇನ್ನೊಬ್ಬರ ಸರಪಳಿ ನಿಮ್ಮ ಲಂಗರಿನ ಮೇಲೆ ಬಿದ್ದಿರಬಹುದು. ಗಾಬರಿಯಾಗಬೇಡಿ, ದಿನಾ ಆಗುತ್ತೆ. ನಿಮ್ಮ ಲಂಗರನ್ನು ಅವರ ಸರಪಳಿಯ ಸಮೇತ ನೀರಿನ ಮೇಲಕ್ಕೆ ತನ್ನಿ. ಒಂದು ಹಗ್ಗವನ್ನು ಅವರ ಸರಪಳಿಯ ಕೆಳಗಿನಿಂದ ತೂರಿಸಿ ಎರಡೂ ತುದಿ ಮುಂದಿನ ಕ್ಲೀಟ್‌ಗೆ ಕಟ್ಟಿ. ಈಗ ನಿಮ್ಮ ಲಂಗರನ್ನು ಒಂದು ಮೀಟರ್ ಕೆಳಗಿಳಿಸಿ. ಅವರ ಸರಪಳಿ ಹಗ್ಗದ ಮೇಲೆ ನೇತಾಡುತ್ತೆ, ನಿಮ್ಮದು ಬಿಡಿಸಿಕೊಳ್ಳುತ್ತೆ. ಸ್ವಲ್ಪ ಹಿಂದಕ್ಕೆ ಸರಿದು ಹಗ್ಗದ ಒಂದು ತುದಿ ಬಿಟ್ಟುಬಿಡಿ.

ವಿಂಡ್ಲಾಸ್ ಬಗ್ಗೆ: ಎಂಜಿನ್ ಓಡುತ್ತಿರುವಾಗ ಮಾತ್ರ ಉಪಯೋಗಿಸಿ, 1000-1200 ಆರ್‌ಪಿಎಂ ಇರಲಿ. ಅದು ಲಂಗರು ಎತ್ತೋ ಯಂತ್ರ, ದೋಣಿಯನ್ನು ಎಳೆಯೋದಕ್ಕಲ್ಲ. ಎಂಜಿನ್‌ನಿಂದ ದೋಣಿಯನ್ನು ಲಂಗರಿನ ಕಡೆಗೆ ಒಯ್ಯುತ್ತಾ ಸಡಿಲವಾದ ಸರಪಳಿಯನ್ನು ಮಾತ್ರ ಎತ್ತಿ. ಜಾಸ್ತಿ ಭಾರ ಬಿದ್ದರೆ ಬ್ರೇಕರ್ ಟ್ರಿಪ್ ಆಗುತ್ತೆ. ಅದು ಎಲ್ಲಿದೆ ಅಂತ ಮೊದಲ ದಿನವೇ ಕೇಳಿ ನೋಡಿಟ್ಟುಕೊಳ್ಳಿ. ಸರಪಳಿ ಡಬ್ಬಿಯೊಳಗೆ ಗುಡ್ಡೆಯಾಗಿ ಮೇಲಿನಿಂದ ಮುಚ್ಚಿಕೊಂಡರೂ ನಿಲ್ಲುತ್ತೆ, ಕೈಯಿಂದ ಗುಡ್ಡೆ ಬೀಳಿಸಿದರೆ ಸಾಕು.

ಮೂಡಣ_ಗಾಳಿ:

@ಚುಕ್ಕಾಣಿ, ಚೆನ್ನಾಗಿ ಬರೆದಿದ್ದೀರಿ. ಕೊಲ್ಲಿಯಲ್ಲಿ ಬರೀ ಲಂಗರಿನ ಮೇಲೆ ನಿಲ್ಲೋದರ ಬಗ್ಗೆ ಒಂದಿಷ್ಟು. ನೀರಿನಡಿ ತಿಳಿ ಬಣ್ಣ ಕಂಡರೆ ಮರಳು, ಕಪ್ಪು ಮಚ್ಚೆ ಕಂಡರೆ ಪೊಸಿಡೋನಿಯಾ ಹುಲ್ಲು. ಹುಲ್ಲಿನಲ್ಲಿ ಲಂಗರು ಕಚ್ಚೋದಿಲ್ಲ, ಮೇಲೆ ಜಾರುತ್ತಾ ಹೋಗುತ್ತೆ. ಜೊತೆಗೆ ಆ ಹುಲ್ಲುಗಾವಲು ಬೆಳೆಯಲು ನೂರಾರು ವರ್ಷ ಬೇಕು, ಒಂದು ಸರಪಳಿ ಅದನ್ನು ಒಂದೇ ರಾತ್ರಿಯಲ್ಲಿ ಕೀಳುತ್ತೆ. ಮರಳಿನ ಬಿಳಿ ಜಾಗ ಹುಡುಕಿಯೇ ಬಿಡಿ. ಆಳದ ಐದು ಪಟ್ಟು ಸರಪಳಿ. ಆಳ ಅಂದಾಗ ನೀರಿನಿಂದ ದೋಣಿಯ ಮೂತಿಯವರೆಗಿನ ಒಂದೂವರೆ ಮೀಟರ್ ಕೂಡ ಸೇರಿಸಿ.

ಮೆಗಾನಿಸಿಯ ಅಬೆಲಿಕೆಯಂಥ ಕೊಲ್ಲಿಗಳಲ್ಲಿ ದಡದ ಪಕ್ಕದಲ್ಲೇ 10-15 ಮೀಟರ್ ಆಳ. ಬಾಡಿಗೆ ದೋಣಿಯಲ್ಲಿ ಸಾಮಾನ್ಯವಾಗಿ ಇರೋದು 50-60 ಮೀಟರ್ ಸರಪಳಿ, ಸುತ್ತ ತಿರುಗಲು ಜಾಗವೂ ಇಲ್ಲ. ಅಲ್ಲಿ ಲಂಗರು ಬಿಟ್ಟು ಹಿಂದಕ್ಕೆ ಬಂದು, ಒಬ್ಬರು ಹಗ್ಗದ ತುದಿ ಹಿಡಿದು ಈಜಿ ಹೋಗಿ ಬಂಡೆಗೆ ಕಟ್ಟಬೇಕು. ಮರಕ್ಕೆ ಬೇಡ. ತೇಲೋ ಜಾತಿಯ 50 ಮೀಟರ್ ಹಗ್ಗ ಎರಡು ಬೇಕು ಅಂತ ಮೊದಲೇ ಕೇಳಿ. ಈಜೋರ ಕಾಲಿಗೆ ರಬ್ಬರ್ ಶೂ ಇರಲಿ, ಬಂಡೆಯ ಮೇಲೆಲ್ಲ ಅರ್ಚಿನ್ ಅನ್ನೋ ಮುಳ್ಳಿನ ಕಡಲಜೀವಿಗಳು.

ಇನ್ನೊಂದು: ಸಂಜೆ ಗಾಳಿ ನಿಂತಿತು ಅಂತ ಸಡಿಲ ಬಿಡಬೇಡಿ. ಗುಡ್ಡಗಳು ತಣ್ಣಗಾದ ಮೇಲೆ ರಾತ್ರಿ 9-10ರ ನಂತರ ಭಾರವಾದ ತಂಪು ಗಾಳಿ ಇಳಿಜಾರಿನಿಂದ ಜಾರಿ ಬಂದು ಅರ್ಧ ಗಂಟೆ 20-25 ನಾಟ್ ಹೊಡೆಯೋದುಂಟು, ಅದೂ ಹಗಲಿನ ದಿಕ್ಕಿಗೆ ಸಂಬಂಧವೇ ಇಲ್ಲದೆ. ಮುನ್ಸೂಚನೆ ಆ್ಯಪ್‌ಗಳಲ್ಲಿ ಇದು ಕಾಣೋದಿಲ್ಲ.

ಲೆಕ್ಕದ_ಪುಸ್ತಕ:

ಖರ್ಚು, ಕಾಗದ ಪತ್ರದ ಬಗ್ಗೆ ನಾನು.

ಮೂರು ಕೋಣೆ, ಎರಡು ಶೌಚಾಲಯದ 40 ಅಡಿಯ ಸಾಧಾರಣ ದೋಣಿ, ಐದು-ಎಂಟು ವರ್ಷ ಹಳೆಯದು, ಮೇ ಕೊನೆಗೆ ವಾರಕ್ಕೆ ಸುಮಾರು 1,800ರಿಂದ 2,500 ಯೂರೋ. ಅದೇ ದೋಣಿ ಆಗಸ್ಟ್‌ನಲ್ಲಿ 3,500 ದಾಟುತ್ತೆ. ಇದರ ಮೇಲೆ ಕ್ಲೀನಿಂಗ್, ಹಾಸಿಗೆ ಬಟ್ಟೆ, ಗ್ಯಾಸ್ ಸೇರಿಸಿ 150-250, ಸಣ್ಣ ದೋಣಿಗೆ ಮೋಟಾರ್ ಬೇಕಾದರೆ ಇನ್ನೊಂದು 80-100. ಡೀಸೆಲ್ ಹೆಚ್ಚೇನಿಲ್ಲ: ಎಂಜಿನ್ ಗಂಟೆಗೆ 3-4 ಲೀಟರ್ ಕುಡಿಯುತ್ತೆ, ಈ ಮಾರ್ಗಕ್ಕೆ 50-60 ಲೀಟರ್ ಸಾಕು. ಊರಿನ ಧಕ್ಕೆಗಳಲ್ಲಿ ರಾತ್ರಿಗೆ ಏನೂ ಇಲ್ಲದಿಂದ 20 ಯೂರೋವರೆಗೆ. ಗ್ರೀಸ್‌ನಲ್ಲಿ 7 ಮೀಟರ್‌ಗಿಂತ ಉದ್ದದ ದೋಣಿಗಳಿಗೆ ತೆಪಾಯಿ ಅನ್ನೋ ತೆರಿಗೆ ಇದೆ. ಅದನ್ನು ಯಾರು ಕಟ್ಟಬೇಕು, ವ್ಯಾಟ್ ಸೇರಿದೆಯಾ ಅನ್ನೋದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಠೇವಣಿ 2,000-3,000 ಯೂರೋ, ಕ್ರೆಡಿಟ್ ಕಾರ್ಡ್‌ನಲ್ಲಿ ಹಿಡಿದಿಡುತ್ತಾರೆ. ಭಾರತದ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟಿನ ಮಿತಿ ಕಡಿಮೆ ಇಟ್ಟಿರುತ್ತಾರೆ, ಶನಿವಾರ ಸಂಜೆ ಕಾರ್ಡ್ ನಡೆಯದಿದ್ದರೆ ದೋಣಿ ಕೊಡೋದಿಲ್ಲ. ಹೊರಡೋ ಮೊದಲೇ ಮಿತಿ ಏರಿಸಿ, ಎರಡನೇ ಕಾರ್ಡ್ ಜೊತೆಗಿರಲಿ. ವಾಪಸ್ ಬಾರದ ಒಂದು ಮೊತ್ತ ಕಟ್ಟಿದರೆ ಠೇವಣಿ ಕಡಿಮೆಯಾಗೋ ವ್ಯವಸ್ಥೆಯೂ ಇರುತ್ತೆ. ಮೊದಲ ಸಲ ಧಕ್ಕೆಗೆ ಕಟ್ಟೋರಿಗೆ ಅದು ದುಬಾರಿಯಲ್ಲ ಅಂತ ನನ್ನ ಅಭಿಪ್ರಾಯ.

ಲೈಸೆನ್ಸ್: ಗ್ರೀಸ್‌ನಲ್ಲಿ ಸ್ಕಿಪ್ಪರ್ ಇಲ್ಲದೆ ಬರೀ ದೋಣಿ ಪಡೆಯಲು ಒಬ್ಬರ ಬಳಿ ಸರ್ಟಿಫಿಕೇಟ್ ಇರಬೇಕು, ಎರಡನೆಯವರು ದೋಣಿ ನಡೆಸಲು ನೆರವಾಗಬಲ್ಲೆ ಎಂದು ಸಹಿ ಹಾಕಬೇಕು. ನಿಮ್ಮ ಭಾವಮೈದ ಆ ಎರಡನೆಯವರಾಗಬಹುದು. ನಿಮ್ಮ ಸರ್ಟಿಫಿಕೇಟ್‌ನ ಎರಡೂ ಬದಿ ಸ್ಕ್ಯಾನ್ ಮಾಡಿ ಮುಂಗಡ ಕಟ್ಟೋ ಮೊದಲೇ ಕಳಿಸಿ, ಬಂದರು ಅಧಿಕಾರಿಗಳು ಒಪ್ಪುತ್ತಾರೆ ಅನ್ನೋದನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಅಸಲು ಪ್ರತಿ ಕೈಯಲ್ಲಿರಬೇಕು.

ವೀಸಾ: ಷೆಂಗೆನ್, ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದ ಮಕ್ಕಳಿಗೆ 45. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ತೀರಾ ತಡವೆಂದರೂ ಹೊರಡೋದಕ್ಕೆ 15 ದಿನ ಮುಂಚೆ ಹಾಕಿರಬೇಕು. ಮೇ ಪ್ರವಾಸಕ್ಕೆ ಎಲ್ಲರೂ ಒಟ್ಟಿಗೆ ಅರ್ಜಿ ಹಾಕೋ ಕಾಲ ಅದು, ಫೆಬ್ರವರಿಯೊಳಗೆ ಸ್ಲಾಟ್ ಹಿಡಿಯಿರಿ. ಉಳಿಯೋ ಜಾಗಕ್ಕೆ ಹೋಟೆಲ್ ಬುಕಿಂಗ್ ಬದಲು ದೋಣಿ ಒಪ್ಪಂದವನ್ನೂ ಆರೂ ಜನರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಇರೋ ಕ್ರ್ಯೂ ಲಿಸ್ಟನ್ನೂ ಕೊಡಿ. ಹೋಗೋ ದಿನ, ಬರೋ ದಿನದ ರಾತ್ರಿಗಳಿಗೆ ಮಾತ್ರ ಅಥೆನ್ಸ್‌ನ ಹೋಟೆಲ್. ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚದ್ದು, ಮತ್ತು ಅದರಲ್ಲಿ ಹಾಯಿದೋಣಿ ಪ್ರಯಾಣವನ್ನು ಹೊರಗಿಟ್ಟಿಲ್ಲ ಅನ್ನೋದನ್ನು ಓದಿ ನೋಡಿ.

ಅಥೆನ್ಸ್‌ನಿಂದ ಲೆಫ್ಕಾಡಕ್ಕೆ ರಸ್ತೆಯಲ್ಲಿ ಐದು ಗಂಟೆ, ಬಸ್ಸೂ ಇದೆ. ದೋಣಿ ಕೈಗೆ ಬರೋದು ಶನಿವಾರ ಸಂಜೆ, ಹಾಗಾಗಿ ಶುಕ್ರವಾರವೇ ಅಥೆನ್ಸ್ ತಲುಪೋ ವಿಮಾನ ಹಿಡಿಯಿರಿ.

ಶರಾವತಿ_ದಡ:

ತುಂಬಾ ಧನ್ಯವಾದ ಎಲ್ಲರಿಗೂ. ಮೇ ಅಂತ ತೀರ್ಮಾನವಾಯಿತು. ಎರಡು ಉಳಿದಿದೆ: ಸ್ಕಿಪ್ಪರ್ ಬೇಕಾ, ಮತ್ತು ಕ್ಯಾಟಮರಾನ್ (ಜೋಡಿ ಒಡಲಿನ ದೋಣಿ) ತೆಗೆದುಕೊಂಡರೆ ಮಕ್ಕಳಿಗೆ ಅನುಕೂಲ ಅಂತ ಭಾವಮೈದ ಹಟ ಹಿಡಿದಿದ್ದಾನೆ. ಅಡುಗೆ ಬಗ್ಗೆ ಯಾರಾದರೂ ಹೇಳಿ.

ಹಾಯಿಹಗ್ಗ:

ಕ್ಯಾಟಮರಾನ್ ಅಲ್ಲಾಡೋದು ಕಡಿಮೆ, ಜಾಗ ಜಾಸ್ತಿ, ಎರಡು ಎಂಜಿನ್ ಇರೋದರಿಂದ ಹಿಮ್ಮುಖ ನಡೆಸೋದೂ ಸುಲಭ. ಆದರೆ ಅಗಲ 6ರಿಂದ 7 ಮೀಟರ್, ಒಂಟಿ ಒಡಲಿನ ದೋಣಿ 4 ಮೀಟರ್. ಕಿಯೋನಿಯಂಥ ಧಕ್ಕೆಯಲ್ಲಿ ಒಂಟಿ ಒಡಲಿನ ದೋಣಿಗೆ ಸಂದಿ ಸಿಗುತ್ತೆ, ಕ್ಯಾಟಮರಾನ್‌ಗೆ ಸಿಗೋದು ಕಷ್ಟ. ಬಾಡಿಗೆ ಹೆಚ್ಚುಕಡಿಮೆ ಎರಡು ಪಟ್ಟು. ನಿಮ್ಮ ಸರ್ಟಿಫಿಕೇಟ್ ಕೂಡ ಒಂಟಿ ಒಡಲಿನ ದೋಣಿಯ ಮೇಲೆ ಮಾಡಿದ್ದೇ ಆಗಿದ್ದರೆ ಅದೇ ಹಿಡಿಯಿರಿ.

ಸ್ಕಿಪ್ಪರ್ ಮೊದಲ ಎರಡು ದಿನಕ್ಕೆ ಸಾಕು. ದಿನಕ್ಕೆ 180-220 ಯೂರೋ, ಜೊತೆಗೆ ಊಟ ನಿಮ್ಮದು. ಮಲಗಲು ಜಾಗ ಕೊಡಬೇಕು: ಮೂರು ಕೋಣೆ ನೀವೇ ತುಂಬಿದರೆ ಒಳಗಿನ ಸೋಫಾ ಮಾತ್ರ ಉಳಿಯುತ್ತೆ, ಅದಕ್ಕೆ ಅವರ ಒಪ್ಪಿಗೆ ಮೊದಲೇ ಕೇಳಿ. ಅವರಿಂದ ನಿಮಗೆ ಬೇಕಾದ್ದು ಒಂದೇ, ಧಕ್ಕೆಗೆ ಕಟ್ಟೋದು ಕಲಿಯೋದು. ಚುಕ್ಕಾಣಿ ಚಕ್ರ ನಿಮ್ಮ ಕೈಯಲ್ಲೇ ಇರಲಿ, ಅವರು ಪಕ್ಕದಲ್ಲಿ ನಿಂತು ಹೇಳಲಿ. ಭಾನುವಾರ ನಿದ್ರಿ ಹತ್ತಿರ ಖಾಲಿ ಧಕ್ಕೆ ಹುಡುಕಿ ನಾಲ್ಕೈದು ಸಲ ಕಟ್ಟಿ ಬಿಚ್ಚಿ ಮಾಡಿಸಿ. ಎರಡನೇ ರಾತ್ರಿಯೂ ಮೆಗಾನಿಸಿಯಲ್ಲೇ ಇದ್ದರೆ ಅವರು ಫೆರಿಯಲ್ಲಿ ನಿದ್ರಿಗೆ ವಾಪಸ್ ಹೋಗಬಹುದು. ಆಗ ವಾಥಿಯ ದಿನ ಬಿಟ್ಟು ಕಿಯೋನಿಯಿಂದ ನೇರ ಫಿಸ್ಕಾರ್ಡೊ.

ಒಗ್ಗರಣೆ:

ಅಡುಗೆ ಮಾತಿಗೆ ನಾನು ಬಂದೆ. ದೋಣಿಯಲ್ಲಿ ಎರಡು ಒಲೆ, ಒಂದು ಸಣ್ಣ ಓವನ್, ಪುಟ್ಟ ಸಿಲಿಂಡರ್. ಒಲೆ ಅಲೆಗೆ ತಕ್ಕಂತೆ ತೂಗುತ್ತೆ, ಪಾತ್ರೆ ಹಿಡಿಯೋ ಕಂಬಿ ಇರುತ್ತೆ. ಪ್ರೆಷರ್ ಕುಕ್ಕರ್ ಅಲ್ಲಿ ಇರೋದಿಲ್ಲ, 3 ಲೀಟರಿನದ್ದು ಒಂದು ಒಯ್ಯಿರಿ, ಗ್ಯಾಸೂ ನೀರೂ ಎರಡೂ ಉಳಿಯುತ್ತೆ. ಅಡುಗೆ ಕಟ್ಟಿ ನಿಂತಾಗ ಮಾತ್ರ ಮಾಡಿ. ಓಡುವಾಗ ತಿನ್ನೋದಕ್ಕೆ ಬೆಳಿಗ್ಗೆಯೇ ಚಿತ್ರಾನ್ನ, ಪುಳಿಯೋಗರೆ ಅಥವಾ ಚಪಾತಿ ಪಲ್ಯ ಡಬ್ಬಿಗೆ ಹಾಕಿಡಿ.

ಊರಿನಿಂದ ಒಯ್ಯೋದರಲ್ಲಿ ಎಚ್ಚರ. ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ: ತುಪ್ಪ, ಪೇಡ, ಖೋವಾ ಬಿಟ್ಟುಬಿಡಿ. ಹಸಿ ಕರಿಬೇವು, ಹಸಿಮೆಣಸಿನಕಾಯಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆ ಪ್ರಮಾಣಪತ್ರ ಬೇಡದ ಐದು ಹಣ್ಣುಗಳಲ್ಲಿ ತೆಂಗಿನಕಾಯಿ ಒಂದು, ಅದು ಒಯ್ಯಬಹುದು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ, ರವೆ ಸಾಕು. ಅಕ್ಕಿ, ಕಡಲೆಕಾಳು, ಕಂದು ಮಸೂರ, ಟೊಮೇಟೊ, ಬದನೆ, ಬೆಂಡೆ ಎಲ್ಲಾ ಲೆಫ್ಕಾಡದ ಸೂಪರ್‌ಮಾರ್ಕೆಟ್‌ನಲ್ಲೋ ತರಕಾರಿ ಅಂಗಡಿಯಲ್ಲೋ ಸಿಗುತ್ತೆ. ಗಟ್ಟಿ ಮೊಸರು ಅಲ್ಲಿಯಷ್ಟು ಚೆನ್ನಾಗಿ ಬೇರೆಲ್ಲೂ ಇಲ್ಲ, ಮೊಸರನ್ನಕ್ಕೆ ಸ್ವಲ್ಪ ನೀರು ಬೆರೆಸಿಕೊಳ್ಳಿ. ಹೋಟೆಲ್‌ಗಳಲ್ಲಿ ಸಸ್ಯಾಹಾರಿಗಳಿಗೆ ಜಿಗಾಂದೆಸ್ ಅಂತ ಟೊಮೇಟೊದಲ್ಲಿ ಬೆಂದ ದಪ್ಪ ಅವರೆಯಂಥ ಕಾಳು, ಬ್ರಿಯಾಮ್ ಅಂತ ತರಕಾರಿ, ಫಾವಾ ಅಂತ ಕಾಳಿನ ಗೊಜ್ಜು ಕೇಳಿ. ಅಕ್ಕಿ ತುಂಬಿದ ಟೊಮೇಟೊ, ಗೆಮಿಸ್ತಾದಲ್ಲಿ ಕೆಲವು ಕಡೆ ಕೈಮಾ ಹಾಕುತ್ತಾರೆ, ವಿಚಾರಿಸಿಯೇ ಹೇಳಿ.

ನೀರಿನ ಟ್ಯಾಂಕ್ 300-400 ಲೀಟರ್. ಆರು ಜನ ತಲಾ 20 ಲೀಟರ್ ಬಳಸಿದರೆ ಮೂರನೇ ದಿನಕ್ಕೆ ಮುಗಿಯುತ್ತೆ. ಪಾತ್ರೆ ಮೊದಲು ಸಮುದ್ರದ ನೀರಿನಲ್ಲಿ ತೊಳೆದು ಕೊನೆಗೆ ಒಳ್ಳೇ ನೀರು. ಕುಡಿಯೋದಕ್ಕೆ ಬಾಟಲಿ ನೀರೇ ಇರಲಿ. ಫ್ರಿಜ್ ರಾತ್ರಿಯೆಲ್ಲ ಬ್ಯಾಟರಿ ಎಳೆಯುತ್ತೆ, ವೋಲ್ಟೇಜ್ 12.2ಕ್ಕಿಂತ ಇಳಿಯೋ ಮೊದಲು ಎಂಜಿನ್ ಒಂದು ಗಂಟೆ ಓಡಿಸಿ.

ಚುಕ್ಕಾಣಿ:

ಶನಿವಾರ ದೋಣಿ ತೋರಿಸುವವರು ಅರ್ಧ ಗಂಟೆಯಲ್ಲಿ ಮುಗಿಸಲು ನೋಡುತ್ತಾರೆ. ಬಿಡಬೇಡಿ, ಒಂದೂವರೆ ಗಂಟೆ ತೆಗೆದುಕೊಳ್ಳಿ. ಎರಡೂ ಹಾಯಿ ಪೂರ್ತಿ ಬಿಚ್ಚಿ ಸುತ್ತಿ ನೋಡಿ. ವಿಂಡ್ಲಾಸ್‌ನಿಂದ ಲಂಗರು ಇಳಿಸಿ ಎತ್ತಿಸಿ, ಸರಪಳಿಯ ಗುರುತುಗಳು ಎಷ್ಟೆಷ್ಟು ಮೀಟರಿಗೆ ಅಂತ ಕೇಳಿ. ಆಳ ತೋರಿಸೋ ಮೀಟರ್ ಲೆಕ್ಕ ನೀರಿನ ಮೇಲ್ಮೈಯಿಂದಲೋ ಕೀಲ್‌ನ (ದೋಣಿಯಡಿ ನೀರಿನೊಳಗಿರೋ ಭಾರದ ಹಲಗೆ) ತಳದಿಂದಲೋ ಅಂತ ಕೇಳದೆ ಹೊರಡಬೇಡಿ. ಎರಡರ ನಡುವೆ 2 ಮೀಟರ್ ವ್ಯತ್ಯಾಸ. ಎಂಜಿನ್ ಹಾಕಿದಾಗ ಹಿಂದೆ ನೀರು ಉಗುಳುತ್ತಿದೆಯೇ ನೋಡಿ, ಸಮುದ್ರದ ನೀರಿನ ಫಿಲ್ಟರ್ ತೆಗೆಯೋದು ಹೇಗೆ ಅಂತ ಮಾಡಿ ತೋರಿಸಲು ಹೇಳಿ. ಪ್ಲಾಸ್ಟಿಕ್ ಚೂರೋ ಹುಲ್ಲೋ ಅಲ್ಲಿ ಸೇರಿಕೊಂಡೇ ಎಂಜಿನ್ ಬಿಸಿಯಾಗೋದು ಹೆಚ್ಚು. ಮೊದಲೇ ಇರೋ ಗೀರು, ಒಡಕು ಎಲ್ಲದರ ಫೋಟೋ ತೆಗೆದು ಪಟ್ಟಿಯಲ್ಲಿ ಬರೆಸಿ. ಮಕ್ಕಳ ಲೈಫ್ ಜಾಕೆಟ್ ಅವರ ತೂಕಕ್ಕೆ ತಕ್ಕದ್ದು ಬೇಕು, ಬುಕ್ ಮಾಡುವಾಗಲೇ ತೂಕ ಬರೆದು ಕಳಿಸಿ. ಕಂಬಿಗೆ ಬಲೆ ಕಟ್ಟಿಕೊಡಿ ಅಂತಲೂ ಕೇಳಬಹುದು.

ಶೌಚಾಲಯದ ಪೈಪು ಸಣ್ಣದು, ಕಾಗದ ಹಾಕಬೇಡಿ. ಕೈಪಂಪು 15-20 ಸಲ ಒತ್ತಿದರೆ ಮಾತ್ರ ಪೈಪು ಪೂರ್ತಿ ಖಾಲಿ. ಕೊಳೆನೀರಿನ ಟ್ಯಾಂಕಿನ ವಾಲ್ವ್ ಕೊಲ್ಲಿಯಲ್ಲೂ ಬಂದರಿನಲ್ಲೂ ಮುಚ್ಚಿರಲಿ, ದಡದಿಂದ ಚೆನ್ನಾಗಿ ದೂರ ಹೋದ ಮೇಲೆಯೇ ತೆರೆಯಿರಿ.

ವಿಎಚ್‌ಎಫ್ ರೇಡಿಯೋ 16ನೇ ಚಾನೆಲ್‌ನಲ್ಲಿ (ತುರ್ತು ಕರೆಯದ್ದು) ಸದಾ ಆನ್ ಇರಲಿ. ಗ್ರೀಕ್ ಕೋಸ್ಟ್ ಗಾರ್ಡ್ ಫೋನ್ ನಂಬರ್ 108. ನಮ್ಮಲ್ಲಿ ಆಂಬುಲೆನ್ಸ್‌ಗೆ ಒತ್ತೋ ನಂಬರೇ, ಮಕ್ಕಳಿಗೂ ನೆನಪಿರುತ್ತೆ. ಯುರೋಪಿನ ಎಲ್ಲ ಕಡೆ ನಡೆಯೋ 112 ಕೂಡ ಇದೆ. ವಾಂತಿ ಬರೋರಿಗೆ ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟು ಪ್ರಯೋಜನವಿಲ್ಲ, ಹೊರಡೋ ಮೊದಲೇ ಆಗಬೇಕು. ಮಕ್ಕಳ ಪ್ರಮಾಣ ಡಾಕ್ಟರ್ ಹತ್ತಿರ ಬರೆಸಿಕೊಂಡೇ ಹೋಗಿ.

ಶುಕ್ರವಾರ ವಾಪಸ್ ಬರುವಾಗ ಡೀಸೆಲ್ ಬಂಕ್ ಮುಂದೆ 3ರಿಂದ 6ರವರೆಗೆ ದೋಣಿಗಳ ಸಾಲು, ಆ ಹೊತ್ತಿಗೇ ಪಕ್ಕದ ಗಾಳಿಯೂ ಜೋರು. ಸಿವೋತಾದಿಂದ 9ಕ್ಕೆ ಹೊರಟರೆ 12ರ ಸುಮಾರಿಗೆ ತುಂಬಿಸಿ ರಸೀದಿ ತೆಗೆದುಕೊಂಡು ಆರಾಮಾಗಿ ಒಳಗೆ ಹೋಗಬಹುದು. ಆಮೇಲೆ ಮುಳುಗುಗಾರ ಬಂದು ಕೀಲ್, ಚುಕ್ಕಾಣಿ, ಪ್ರೊಪೆಲರ್ ನೋಡುತ್ತಾನೆ. ನೀವು ದೋಣಿಯಲ್ಲೇ ಇರಿ, ಏನಾದರೂ ಕಂಡಿತು ಅಂದರೆ ವಿಡಿಯೋ ಕೇಳಿ. ಠೇವಣಿ ಬಿಡುಗಡೆಯ ಕಾಗದ ಕೈಗೆ ಬಂದ ಮೇಲೆಯೇ ಬೀಗದ ಕೈ ಕೊಡಿ.